ಹಂದಿ ಹೊಟ್ಟೆ ತುಂಬೋ ತನಕ

ಜೂನ್ 3, ಸೋಮವಾರ

...ಅದಕ್ಕೇ ನಾನು ಫ್ರಿಜ್ಜನ್ನ ಬೈಯಲ್ಲ ಅಂದಿದ್ದು. ಪಾಪ, ಅದೇನು ಮಾಡುತ್ತೆ, ಯಾರು ಬಂದು ಮಾತಾಡಿಸಿದ್ರೂ... ಅಯ್ಯೋ, ರೆಕಾರ್ಡಿಂಗಿನ ಕೆಂಪು ಚುಕ್ಕೆನೇ ಹತ್ತಿಲ್ಲವಲ್ಲ! ಇಷ್ಟು ಹೊತ್ತೂ ಗೋಡೆಗೆ ಹೇಳಿದ ಹಾಗಾಯ್ತು. ಕ್ಷಮಿಸಪ್ಪಾ, ಮತ್ತೆ ಮೊದಲಿಂದ ಶುರು ಮಾಡ್ತೀನಿ. ಬೆಳಿಗ್ಗೆ ಹೇಳಿದ್ದು ಕೈತಪ್ಪಿ ಅಳಿಸಿಹೋಯ್ತು, ಈಗ ಹೇಳಿದ್ದಕ್ಕೆ ಚುಕ್ಕೆ ಹತ್ತಿಲ್ಲ. ಈಗ ಹತ್ತಿದೆ. ಮಿಣುಕ್ತಾ ಇದೆ.

ವಿಷಯ ಇಷ್ಟೇ. ನಮ್ಮನೆಯವಳು ಪರದೆ ಬದಲಾಯಿಸೋಕೆ ಅಂತ ಸ್ಟೂಲ್ ಹತ್ತಿದ್ಲು, ಬಿದ್ಲು, ಕಾಲು ಮುರ್ಕೊಂಡ್ಲು. ಆಪರೇಷನ್ ಆಯ್ತು. ಈಗ ಆಸ್ಪತ್ರೆ ಹಿಂದುಗಡೆ ನಡಿಗೆ ಕಲಿಸೋ ಕಟ್ಟಡ ಇದೆಯಲ್ಲ, ಅಲ್ಲಿದ್ದಾಳೆ. ಈ ತಿಂಗಳು ಪೂರ್ತಿ ಅಲ್ಲೇ ಅಂತೆ. ನನಗೋ, ಸಂಜೆ ಮನೆಗೆ ಬಂದು ದಿನದ ಕಥೆಯೆಲ್ಲ ಅವಳ ಮುಂದೆ ಬಿಚ್ಚದೇ ಹೋದ್ರೆ ಊಟ ಇಳಿಯಲ್ಲ. ನಿನ್ನೆ ಹಾಸಿಗೆ ಪಕ್ಕ ಕೂತು ಶುರು ಮಾಡಿದೆ. "ರೀ, ನೋವೇ ಸಾಕಷ್ಟಿದೆ. ಅದರ ಮೇಲೆ ನಿಮ್ಮ ಮಾತು ಬೇಡ. ಫೋನಿಗೆ ಹೇಳ್ಕೊಳ್ಳಿ, ಅದಕ್ಕೆ ಕಾಲಿಲ್ಲ, ಎದ್ದು ಹೋಗಲ್ಲ" ಅಂದ್ಲು. ಸರಿ, ಹೇಳ್ಕೊಳ್ತೀನಿ. ಆದ್ರೆ ಇದು ಯಾರಿಗೂ ಕೇಳಿಸೋಕಲ್ಲ. ಅವಳಿಗೂ ಇಲ್ಲ.

ಮನೇಲಿ ಈಗ ಇರೋದು ನಾನು, ನಮ್ಮತ್ತೆ. ನಮ್ಮಿಬ್ಬರ ಮಧ್ಯೆ ಮಾತು ನಿಂತು ಯಾವ ಕಾಲವಾಯ್ತೋ. ಯಾಕೆ ನಿಂತಿತು ಅಂತ ನನಗೆ ನೆನಪಿಲ್ಲ. ಅವರಿಗೆ ನೆನಪಿದೆಯಾ ಅಂತ ಕೇಳೋಣ ಅಂದ್ರೆ ಮಾತಿಲ್ಲ. ಇಷ್ಟು ದಿನ ತೊಂದರೆ ಇರಲಿಲ್ಲ. ನಮ್ಮನೆಯವಳು ಮಧ್ಯೆ ಕೂತು ಆ ಕಡೆಯದ್ದು ಈ ಕಡೆಗೆ, ಈ ಕಡೆಯದ್ದು ಆ ಕಡೆಗೆ ದಾಟಿಸ್ತಿದ್ಲು. ಈಗ ಅವಳೇ ಇಲ್ಲ. ಹಾಗಾಗಿ ಅತ್ತೆ ಫ್ರಿಜ್ಜನ್ನ ಹಿಡ್ಕೊಂಡಿದ್ದಾರೆ. ಬಾಗಿಲು ತೆಗೆದು ಒಳಗೆ ಮುಖ ಹಾಕಿ, "ಹಾಲು ಮುಗಿದಿದೆ ಕಣಮ್ಮಾ, ಲಾಂಡ್ರಿಯವರಿಗೆ ಗೊತ್ತಾದ್ರೆ ತರ್ತಾರೋ ಏನೋ" ಅಂತಾರೆ. ಲಾಂಡ್ರಿಯವರು ಅಂದ್ರೆ ನಾನು. ನಾನು ಗೋಡೆ ಗಡಿಯಾರ ಹಿಡ್ಕೊಂಡಿದ್ದೀನಿ. "ದೊಡ್ಡವರು ಹೇಳಿದ್ದು ಕೇಳಿಸ್ತಪ್ಪಾ, ತರ್ತೀನಿ" ಅಂತ ಅದಕ್ಕೆ ಹೇಳ್ತೀನಿ.

ತಿಂಗಳ ಕೊನೇಲಿ ಭಾವಮೈದ ಕಾರು ತಂದು ಅವರನ್ನ ತನ್ನ ಮನೆಗೇ ಕರ್ಕೊಂಡು ಹೋಗ್ತಾನಂತೆ, ಖಾಯಂ. ರೂಮಿಗೆ ಬಣ್ಣ ಹೊಡೆಸ್ತಿದ್ದಾನೆ. "ಮಾತೇ ಆಡದೇ ಇರೋ ಮನೇಲಿ ಅಮ್ಮ ಯಾಕಿರ್ಬೇಕು" ಅಂದನಂತೆ. ನ್ಯಾಯವೇ. ನನಗಂತೂ ಖುಷಿ. ಸಂತೋಷದ ವಿಷಯ ಅಂತ ಗಡಿಯಾರಕ್ಕೂ ಹೇಳಿದ್ದೀನಿ.

ಜೂನ್ 5, ಬುಧವಾರ

ಒಂದು ಆಟ ಸಿಕ್ಕಿದೆ. ಆಟ ಅಂದ್ರೆ ಆಟ ಅಲ್ಲ, ಹೊತ್ತು ಹೋಗೋ ದಾರಿ. ಆಸ್ಪತ್ರೆ ಬೆಂಚಿನ ಮೇಲೆ ಕೂತಾಗ ಫೋನೇ ತಾನಾಗಿ ತೋರಿಸ್ತು: "ಬಂಗಾರದ ಹಂದಿ, ಉಚಿತ." ಬಿಟ್ಟಿ ಅಂದ್ಮೇಲೆ ಹಾಕ್ಕೊಂಡೆ. ಕ್ಯಾಸಿನೊಗಳಲ್ಲಿ ಇರುತ್ತಂತಲ್ಲ ಸ್ಲಾಟ್ ಮೆಷಿನ್, ಅದೇ. ಒತ್ತಿದ್ರೆ ಸಾಲು ಸಾಲು ಚಿತ್ರ ಗಿರ್ರಂತ ತಿರುಗಿ ನಿಲ್ಲುತ್ತೆ. ಚೆರ್ರಿ, ಗಂಟೆ, ಟೋಪಿ, ಕುದುರೆ ಲಾಳ. ಒಂದೇ ಥರದ್ದು ಸಾಲಾಗಿ ಬಂದ್ರೆ ನಾಣ್ಯ ಸುರಿಯುತ್ತೆ. ಮೇಲ್ಗಡೆ ಒಂದು ಹಂದಿ ಕೂತಿರುತ್ತೆ, ಟೋಪಿ ಹಾಕ್ಕೊಂಡು. ಆಗಾಗ ಒಂದು ನಾಣ್ಯ ಹಾರಿ ಅದರ ಬಾಯಿಗೆ ಬೀಳುತ್ತೆ. ತಿಂದ ಹಾಗೂ ದಪ್ಪ ಆಗುತ್ತೆ. ಹೊಟ್ಟೆ ಒಡೆದ ದಿನ ಮಹಾ ಜಾಕ್‌ಪಾಟ್.

ಇದು ಜೂಜಲ್ಲ. ಸ್ಪಷ್ಟವಾಗಿ ಹೇಳಿಬಿಡ್ತೀನಿ, ರೆಕಾರ್ಡ್ ಆಗಲಿ. ನಾನು ದುಡ್ಡು ಹಾಕಲ್ಲ, ಅದು ದುಡ್ಡು ಕೊಡಲ್ಲ. ನಾಣ್ಯ ಖಾಲಿಯಾದ್ರೆ ಕೆಲವು ಗಂಟೆ ಕಾಯಬೇಕು, ಮತ್ತೆ ಅದೇ ಬಿಟ್ಟಿ ಕೊಡುತ್ತೆ. "ಕಾಯೋಕಾಗಲ್ವಾ? ಕೊಂಡ್ಕೊಳ್ಳಿ!" ಅಂತ ಒಂದು ಹೆಂಗಸು ಕಣ್ಣು ಮಿಟುಕಿಸ್ತಾಳೆ. ಕಾಯೋಕಾಗುತ್ತಮ್ಮಾ. ಲಾಂಡ್ರಿ ಇಟ್ಟೋನು ನಾನು. ಕೊಳೆ ಬಿಡೋ ತನಕ ಕಾಯೋದೇ ನನ್ನ ಬದುಕು.

ಒಂದು ಮಾತ್ರ ಅರ್ಥ ಆಗಲಿಲ್ಲ. ನೂರು ನಾಣ್ಯ ಕಟ್ಟಿ ತಿರುಗಿಸ್ತೀನಿ, ಮೂವತ್ತು ವಾಪಸ್ ಬರುತ್ತೆ, ಅದಕ್ಕೂ ತುತ್ತೂರಿ ಊದುತ್ತೆ, ಪಟಾಕಿ ಹಾರಿಸುತ್ತೆ. ಗಿರಾಕಿ ಐದು ಷರ್ಟ್ ಕೊಟ್ಟು, ನಾನು ಎರಡು ವಾಪಸ್ ಕೊಟ್ಟು, ಬ್ಯಾಂಡ್ ಬಾರಿಸಿದ್ರೆ ಹೇಗಿರುತ್ತೆ? ನಾಳೆ ಬಾರಿಸಿ ನೋಡಬೇಕು ಅನ್ನಿಸ್ತು.

ಜೂನ್ 8, ಶನಿವಾರ

ಸಿಕ್ಕಿಬಿದ್ದೆ. ಸೋಫಾ ಮೇಲೆ ಕೂತು ಆಡ್ತಿದ್ದೆ, ಹಂದಿ "ಗುರ್ರ್" ಅಂತು, ಅತ್ತೆ ಕಿವಿ ನೆಟ್ಟಗಾಯ್ತು. ಅಡುಗೆಮನೆಗೆ ನಡೆದು ಫ್ರಿಜ್ ಬಾಗಿಲು ತೆಗೆದ್ರು.

"ನೋಡಿದ್ಯಾ? ಹೆಂಡತಿ ಕಾಲು ಮುರ್ಕೊಂಡು ಮಲಗಿದ್ದಾಳೆ, ಇಲ್ಲಿ ಜೂಜು ನಡೀತಿದೆ."

ನಾನೂ ಬಿಡಲಿಲ್ಲ. ಗಡಿಯಾರದ ಕಡೆ ತಿರುಗಿ, "ದುಡ್ಡು ಹೋಗಲ್ಲಪ್ಪಾ ಇದರಲ್ಲಿ, ದೊಡ್ಡವರಿಗೆ ತಿಳಿಸು" ಅಂದೆ.

"ಬರುತ್ತಾ ಅಂತ ಕೇಳು."

"ಬರೋದೂ ಇಲ್ಲ."

ಫ್ರಿಜ್ ಬಾಗಿಲು ಇನ್ನಷ್ಟು ಅಗಲವಾಯ್ತು. ಆಮೇಲೆ ಒಳಗಿಂದ ಅತ್ತೆ ದನಿ: "ಮತ್ತೆ ಯಾತಕ್ಕೆ ಆಡೋದಂತೆ?"

ನಾನು ಗಡಿಯಾರದ ಮೇಲಿನ ಧೂಳು ಒರೆಸೋಕೆ ಎದ್ದೆ. ಬಾಗಿಲು ತೆರೆದಿಟ್ಟೇ ಬೈದು ಬೈದು ಫ್ರಿಜ್ಜಲ್ಲಿದ್ದ ಬೆಣ್ಣೆ ಮೆತ್ತಗಾಗಿದೆ.

ಸಂಜೆ ಕನ್ನಡಕ ಹಾಕ್ಕೊಂಡು ನನ್ನ ಸೋಫಾ ಹಿಂದೆ ನಾಲ್ಕು ಸಲ ಹಾದುಹೋದ್ರು. ನೋಡದೇ ಇರೋ ಥರ ನೋಡೋದು ಅವರಿಗೆ ಚೆನ್ನಾಗಿ ಬರುತ್ತೆ. ಕೊನೇ ಸಲ ಹೋಗುವಾಗ ಕಿಟಕಿ ಕಡೆ ಮುಖ ಮಾಡಿ, "ಆ ಪ್ರಾಣಿ ಹಸ್ಕೊಂಡಿರೋ ಹಾಗಿದೆ, ಯಾರಾದ್ರೂ ನೋಡಬಾರದಾ" ಅಂದ್ರು.

ಜೂನ್ 12, ಬುಧವಾರ

ಅತ್ತೆ ತಿರುಗಿಸಿದ್ರು! ನಾನು ಕೊಟ್ಟಿದ್ದಲ್ಲ. ಫೋನನ್ನ ಟೀಪಾಯಿ ಮೇಲೆ ಬಿಟ್ಟು ಹಾಗೇ ಛಾವಣಿ ನೋಡ್ತಾ ಕೂತಿದ್ದೆ. ಅವರು ಬಂದು ಕೂತ್ರು, ಒತ್ತಿದ್ರು. ಏನೂ ಆಗಲಿಲ್ಲ. ವಯಸ್ಸಾದವರ ಬೆರಳು ಒಣಗಿರುತ್ತಲ್ಲ, ಗಾಜಿಗೆ ಗೊತ್ತಾಗಲ್ಲ. ಮತ್ತೆ ಒತ್ತಿದ್ರು, ಗುದ್ದಿದ್ರು. ನಾನು ಗಡಿಯಾರಕ್ಕೆ, "ಬೆರಳಿಗೆ ಒಂದು ಸಲ ಬಾಯಿಂದ ಹಾ ಅಂತ ಊದಿದ್ರೆ ಆಗುತ್ತಪ್ಪಾ" ಅಂದೆ. ಹಾ ಅಂದ್ರು. ತಿರುಗಿತು. ಮೂರು ಗಂಟೆ, ಎರಡು ಟೋಪಿ. ಹಂದಿ ಬಾಯಿಗೆ ಒಂದು ನಾಣ್ಯ ಬಿತ್ತು. ಅತ್ತೆ ಮುಖ ನೋಡಬೇಕಿತ್ತು, ಅದೇನೋ ಸ್ವಂತ ಕೈತುತ್ತು ಕೊಟ್ಟ ಹಾಗೆ.

ಈಗ ಅವರ ಹತ್ತಿರ ಶಾಸ್ತ್ರ ಒಂದಲ್ಲ ಎರಡಲ್ಲ. ಬೆಳಿಗ್ಗೆ ಮೆಷಿನ್ ತಣ್ಣಗಿರುತ್ತೆ, ಆಗ ಆಡಬಾರದು. ಫೋನಿನ ತಲೆ ಕಿಟಕಿ ಕಡೆಗಿರಬೇಕು. ಸೋತ ತಕ್ಷಣ ಒತ್ತಬಾರದು, ಅದಕ್ಕೆ ಸೊಕ್ಕು ಬರುತ್ತೆ. ಚೆರ್ರಿ ಪಕ್ಕ ಕುದುರೆ ಲಾಳ ಬಂದು ನಿಂತ್ರೆ "ಇಗೋ ಬಂದೆ, ಬಾಗಿಲಲ್ಲೇ ಇದ್ದೀನಿ" ಅಂತ ಅರ್ಥವಂತೆ. ಇದೆಲ್ಲ ಫ್ರಿಜ್ಜಿಗೆ ಹೇಳಿದ್ದು. ನಾನು ಕೇಳಿಸ್ಕೊಂಡಿದ್ದು. ನಗು ಬಂತು. ಆದ್ರೂ ಲಾಂಡ್ರಿಗೆ ಹೋದ್ಮೇಲೆ ಫೋನಿನ ತಲೆ ಕಿಟಕಿ ಕಡೆಗಿಟ್ಟೆ. ಖರ್ಚೇನಿದೆ ಅದರಲ್ಲಿ?

ಮಧ್ಯಾಹ್ನ ಭಾವಮೈದ ಅವರಿಗೆ ಫೋನ್ ಮಾಡಿದ್ದ. ಬಣ್ಣ ಒಣಗಿದೆ, ಮೂವತ್ತಕ್ಕೆ ಬರ್ತೀನಿ ಅಂದ. ಅತ್ತೆ ಏನಂದ್ರು ಗೊತ್ತಾ? "ಮೂವತ್ತು ಗಿವತ್ತು ನನಗೆ ಗೊತ್ತಿಲ್ಲ. ಹಂದಿ ಹೊಟ್ಟೆ ಒಡೆದ ದಿನ ಹೊರಡ್ತೀನಿ. ಹಿಡಿದ ಕೆಲಸ ಅರ್ಧಕ್ಕೆ ಬಿಟ್ಟು ನನಗೆ ಅಭ್ಯಾಸ ಇಲ್ಲ." ಅವನು ಅಕ್ಕನಿಗೆ ಫೋನ್ ಮಾಡಿ, ಅಮ್ಮನಿಗೆ ಜ್ವರನಾ ಅಂತ ಕೇಳಿದನಂತೆ.

ನನಗೆ ದಾರಿ ಸಿಕ್ಕಿತು. ಹಂದಿ ಬೇಗ ಒಡೆದ್ರೆ ಮನೆ ಬೇಗ ಖಾಲಿ. ನಾಳೆಯಿಂದ ಬಿಡುವೇ ಕೊಡಲ್ಲ, ತಿರುಗಿಸಿದ್ದೇ ತಿರುಗಿಸಿದ್ದು.

ಜೂನ್ 14, ಶುಕ್ರವಾರ

ಇವತ್ತು ಲಾಂಡ್ರೀಲಿ ಒಂದು ಘಟನೆ. ಯಾರಿಗಾದ್ರೂ ಹೇಳಬೇಕು, ನಿನಗೇ ಹೇಳ್ತೀನಿ.

ಮುಂದಿನ ಗೋಡೆಗೆ ಮೂರು ದೊಡ್ಡ ಮೆಷಿನ್ ಸಾಲಾಗಿವೆ, ದುಂಡು ಗಾಜಿನ ಬಾಗಿಲಿನವು. ಜಿಮ್ಮಿನ ಹಳದಿ ಟವೆಲ್ ಬಂದಿತ್ತು, ರಾಶಿ. ಮೂರಕ್ಕೂ ಹಂಚಿ ಹಾಕಿ ಕೂತಿದ್ದೆ, ಕೈಯಲ್ಲಿ ಹಂದಿ. ತಲೆಯೆತ್ತಿದೆ. ಮೊದಲನೇದು ನಿಂತಿತು, ಗಾಜಿನ ತುಂಬ ಹಳದಿ. ಎರಡನೇದು ನಿಂತಿತು, ಹಳದಿ. ಮೂರನೇದು ತಿರುಗ್ತಾ ಇದೆ, ನಿಧಾನ, ನಿಧಾನ, ನಾನು ಎದ್ದು ನಿಂತೆ, ಉಸಿರು ಬಿಗಿ ಹಿಡಿದೆ... ಹಳದಿ! "ಜಾಕ್‌ಪಾಟ್!" ಅಂತ ಕೂಗಿಬಿಟ್ಟೆ. ಎರಡೂ ಕೈ ಮೇಲೆ. ಕೋಟು ತಗೊಂಡು ಹೋಗೋಕೆ ಬಂದಿದ್ದ ವಕೀಲರು ಹೆದರಿ ರಸೀದಿನೂ ಬಿಟ್ಟು ಹೋದ್ರು. ನಾಚಿಕೆ ಆಗಬೇಕಿತ್ತು. ಆದ್ರೆ ನಿಜ ಹೇಳಲಾ? ನಾಣ್ಯ ಯಾಕೆ ಸುರೀಲಿಲ್ಲ ಅಂತ ಒಂದು ಗಳಿಗೆ ಮೆಷಿನ್ ಕೆಳಗೆ ಬಗ್ಗಿ ನೋಡಿದೆ. ಒಂದು ಕಾಲುಚೀಲ ಸಿಕ್ತು.

ಮನೇಲಿ ಗಡಿಯಾರಕ್ಕೆ ಇದನ್ನ ಹೇಳ್ತಿದ್ದೆ. ಫ್ರಿಜ್ ಬಾಗಿಲ ಹಿಂದಿಂದ ಕೆಮ್ಮಿನ ಥರ ಸದ್ದು. ಕೆಮ್ಮಲ್ಲ. ನಗು. ಈ ಮನೇಲಿ ಅತ್ತೆ ನಕ್ಕಿದ್ದು ನಾನು ಕೇಳೇ ಇರಲಿಲ್ಲ. ಹೀಗಿರುತ್ತೆ ಅಂತ ಗೊತ್ತಿರಲಿಲ್ಲ, ಹಳೇ ಬಾಗಿಲು ಕಿರುಗುಟ್ಟಿದ ಹಾಗೆ.

ಜೂನ್ 18, ಮಂಗಳವಾರ

ನಾನೂರು ಕೋಟಿ ನಾಣ್ಯ ಇದೆ ನಮ್ಮ ಹತ್ತಿರ. ನಮ್ಮ ಅಂದ್ರೆ ನನ್ನ ಹತ್ತಿರ. ಫೋನು ನನ್ನದು.

ಅತ್ತೆ ನಡಿಗೆನೇ ಬದಲಾಗಿದೆ. ಹಾಲ್‌ನಲ್ಲಿ ಒಂದೇ ದೀಪ ಹಾಕಿ ಕೂರೋರು ಇವತ್ತು ಎಲ್ಲ ಸ್ವಿಚ್ಚೂ ಒತ್ತಿದ್ರು. "ನಾನೂರು ಕೋಟಿ ಇಟ್ಕೊಂಡು ಕತ್ತಲಲ್ಲಿ ಕೂರೋದಾ" ಅಂತ ಫ್ರಿಜ್ಜಿಗೆ. ನಾನೂ ಕಮ್ಮಿ ಇಲ್ಲ. ಬೆಳಿಗ್ಗೆ ಸೋಪಿನ ಏಜೆಂಟ್ ರಿಯಾಯಿತಿ ಕೊಡ್ತೀನಿ ಅಂದ. "ಇರಲಿ ಬಿಡಪ್ಪಾ, ಪರವಾಗಿಲ್ಲ" ಅಂತ ಕೈಯಾಡಿಸಿದೆ. ಅವನು ಹೋದ್ಮೇಲೆ ತಲೆ ತಲೆ ಚಚ್ಕೊಂಡೆ. ಆ ನಾನೂರು ಕೋಟಿಗೆ ಒಂದು ಸೋಪೂ ಬರಲ್ಲ.

ಸಂಜೆ ಎಲ್ಲ ಹೋಯ್ತು. ನಾನೂರು ಕೋಟಿ! ಅರ್ಧ ಗಂಟೆ ಸಾಕಾಯ್ತು. ಹಂದಿ ಟೋಪಿ ತೆಗೆದು ತಲೆ ತಗ್ಗಿಸಿತು. ಬಿಟ್ಟಿ ನಾಣ್ಯ ಬರೋ ತನಕ ಕಾಯಬೇಕು. ಕಣ್ಣು ಮಿಟುಕಿಸೋ ಹೆಂಗಸು ಬಂದ್ಲು, ಕೊಂಡ್ಕೊಳ್ಳಿ ಅಂದ್ಲು. ಅತ್ತೆ ಅವಳಿಗೆ ನೇರವಾಗಿ, "ನಿಜವಾದ ದುಡ್ಡು ಕೊಟ್ಟು ಸುಳ್ಳು ದುಡ್ಡು ತಗೊಳ್ಳೋದಾ? ಹೋಗೇ, ಹೋಗು" ಅಂದ್ರು. ನನಗೆ ಅದು ತುಂಬಾ ಹಿಡಿಸ್ತು.

ಕಾಯ್ತಾ ಕೂತ್ವಿ, ಟೀಪಾಯಿಯ ಆ ಕಡೆ ಅವರು, ಈ ಕಡೆ ನಾನು. ಫ್ರಿಜ್ ದೂರ, ಎದ್ದು ಹೋಗೋಕೆ ಅವರಿಗೆ ಬೇಜಾರು. ಹಾಗಾಗಿ ಹಂದಿಗೇ ಹೇಳೋಕೆ ಶುರು ಮಾಡಿದ್ರು. ಮದುವೆಗೆ ಮುಂಚೆ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಕೆಲಸ ಮಾಡ್ತಿದ್ದರಂತೆ! ಈ ವೈರ್ ಆ ತೂತಿಗೆ, ಆ ವೈರ್ ಈ ತೂತಿಗೆ. "ದಿನವೆಲ್ಲ ಊರವರನ್ನ ಮಾತಾಡಿಸ್ತಿದ್ದೆ ಕಣೋ ಹಂದಿ. ನಾನು ಮಾತ್ರ ಬಾಯಿ ಬಿಡೋ ಹಾಗಿರಲಿಲ್ಲ. ಒಂದ್ಸಲ ಗಂಡ ಹೆಂಡತಿ ಜಗಳ ಆಡ್ತಿದ್ರು, ನಾನು ಬೇಕಂತಲೇ ವೈರ್ ಕಿತ್ತೆ. ಐದು ನಿಮಿಷ ಬಿಟ್ಟು ಹಾಕಿದೆ. ಅಷ್ಟರಲ್ಲಿ ಇಬ್ಬರಿಗೂ ಯಾಕೆ ಜಗಳ ಅಂತ ಮರೆತುಹೋಗಿತ್ತು."

ನಾನು ಹಂದಿಗೆ ಕೇಳಿದೆ, "ಸಿಕ್ಕಿಬೀಳಲಿಲ್ವಾ ಅವರು?"

"ಬಿದ್ದೆ ಅಂತ ಹೇಳು. ಮೂರು ದಿನದ ಸಂಬಳ ಹಿಡಿದ್ರು ಅಂತ ಹೇಳು."

ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೀವಿ, ನನಗೆ ಇದು ಗೊತ್ತೇ ಇಲ್ಲ. ನಮ್ಮನೆಯವಳನ್ನ ಕೇಳಿದೆ, ಅವಳಿಗೂ ಗೊತ್ತಿಲ್ಲ. ಹಂದಿಗೆ ಗೊತ್ತು.

ಬಿಟ್ಟಿ ನಾಣ್ಯ ಬಂದು ಯಾವ ಕಾಲವಾಗಿತ್ತೋ, ಇಬ್ಬರೂ ಗಮನಿಸಲಿಲ್ಲ.

ಜೂನ್ 21, ಶುಕ್ರವಾರ

ತಲೆಕೆಟ್ಟಿದೆ ಇವತ್ತು.

ಟವೆಲ್ ತಗೊಂಡು ಹೋಗೋಕೆ ಜಿಮ್ಮಿನ ಹುಡುಗಿ ಬಂದಿದ್ಲು. ನನ್ನ ಫೋನ್ ನೋಡಿ ನಕ್ಕಳು. ಅವಳಣ್ಣ ಇಂಥ ಆಟಗಳಿಗೇ ಚಿತ್ರ ಬರೆಯೋನಂತೆ.

"ಅಂಕಲ್, ಹಂದಿ ದಪ್ಪ ಆಗೋದು ನೋಡಿ ಖುಷಿ ಪಡ್ತಿದ್ದೀರಾ?"

"ಮತ್ತೆ? ಇನ್ನೇನು ಒಡೆಯೋ ಹಾಗಿದೆ ನೋಡಮ್ಮಾ, ಕೋಟಿನ ಗುಂಡಿ ಕಿತ್ಕೊಂಡಿದೆ."

"ಅದು ಬರೀ ಚಿತ್ರ ಅಂಕಲ್. ಹೊಟ್ಟೆಗೂ ಜಾಕ್‌ಪಾಟಿಗೂ ಸಂಬಂಧನೇ ಇಲ್ಲ. ಪ್ರತಿ ಸಲ ಒತ್ತಿದಾಗಲೂ ಚೀಟಿ ಎತ್ತಿದ ಹಾಗೆ. ಸಣ್ಣಗಿದ್ದಾಗಲೂ ಒಡೀಬಹುದು, ದಪ್ಪ ಆದ್ಮೇಲೆ ವರ್ಷ ಆದ್ರೂ ಒಡೀದೇ ಇರಬಹುದು."

"ಅಂದ್ರೆ... ಈಗ ಒತ್ತಿದ್ರೂ ಒಡೀಬಹುದಾ?"

"ಈಗ್ಲೇ ಒಡೀಬಹುದು. ಒತ್ತಲಾ?"

"ಮುಟ್ಬೇಡ!" ಅಂದೆ. ಎಷ್ಟು ಜೋರಾಗಿ ಅಂದೆನೋ, ಹುಡುಗಿ ಎರಡು ಹೆಜ್ಜೆ ಹಿಂದೆ ಹೋದ್ಲು. ಫೋನನ್ನ ಜೇಬಿಗೆ ಹಾಕ್ಕೊಂಡೆ. ಇಷ್ಟು ದಿನ ಗನ್ ಇಟ್ಕೊಂಡು ಆಟ ಆಡಿದ ಹಾಗಾಯ್ತಲ್ಲ!

ಖುಷಿ ಪಡಬೇಕಿತ್ತು ಅಲ್ವಾ. ಎಷ್ಟು ಬೇಗ ಒಡೆದ್ರೆ ಅಷ್ಟು ಒಳ್ಳೇದು. ಪಡ್ತೀನಿ. ಸ್ವಲ್ಪ ಕಣ್ಣು ಉರಿ ಇದೆ, ಅದಕ್ಕೇ ಇವತ್ತೊಂದು ದಿನ ಆಟಕ್ಕೆ ರಜಾ. ಮನೇಲಿ ಗಡಿಯಾರಕ್ಕೆ, ಚಾರ್ಜರ್ ಕೆಟ್ಟಿದೆ ಅಂದೆ. ಹುಡುಗಿ ಹೇಳಿದ್ದನ್ನ ಹೇಳಲಿಲ್ಲ. ಹಂದಿಗೆ ಹೊಟ್ಟೆನೇ ಲೆಕ್ಕಕ್ಕಿಲ್ಲ ಅಂತ ದೊಡ್ಡವರಿಗೆ ಗೊತ್ತಾದ್ರೆ ಮನಸ್ಸಿಗೆ ನೋವಾಗುತ್ತೆ.

ಜೂನ್ 24, ಸೋಮವಾರ

ಕಳ್ಳತನ! ಸ್ನಾನಕ್ಕೆ ಹೋಗೋವಾಗ ತೊಂಬತ್ತು ಕೋಟಿ ಇತ್ತು. ತಲೆ ಒರೆಸ್ಕೊಂಡು ಬಂದ್ರೆ ಸೊನ್ನೆ. ಅತ್ತೆ ಏನೂ ಗೊತ್ತಿಲ್ಲದ ಹಾಗೆ ಕಿಟಕಿ ಒರೆಸ್ತಿದ್ದಾರೆ. ಒರೆಸ್ತಿರೋ ಕಿಟಕಿ ನಿನ್ನೆನೇ ಒರೆಸಿದ್ದು.

ನೋಡಿದೆ, ಒಂದೊಂದು ಸುತ್ತಿಗೂ ಹತ್ತು ಕೋಟಿ ಕಟ್ಟಿದ್ದಾರೆ, ಅತೀ ದೊಡ್ಡ ಪಂಥ. ಹಾಗೆ ಆಡಿದ್ರೆ ಒಂಬತ್ತು ಸಲ ಒತ್ತೋದ್ರೊಳಗೆ ದಿವಾಳಿ. ನಾಣ್ಯ ಇಲ್ಲದಿದ್ರೆ ಹಂದಿಗೆ ತಿನ್ನೋಕೆಲ್ಲಿಂದ ಬರುತ್ತೆ? ನಿನ್ನೆ ಮೊನ್ನೆಯೂ ಸ್ನಾನ ಮಾಡಿ ಬಂದಾಗ ಹೀಗೇ ಆಗಿತ್ತು, ನಾನು ಸಾಬೂನು ಕಣ್ಣಿಗೆ ಹೋಗಿ ಲೆಕ್ಕ ತಪ್ಪಿದೆ ಅಂದ್ಕೊಂಡಿದ್ದೆ. ಪಾಪ, ಈ ವಯಸ್ಸಲ್ಲಿ ಚಟ ಹತ್ತಿಬಿಟ್ಟಿದೆ ಅವರಿಗೆ. ನನ್ನಿಂದಲೇ ಆಗಿದ್ದು. ನಾನಾದ್ರೆ ಲಾಂಡ್ರೀಲಿ ಕೂತು ಹತ್ತತ್ತು ಕೋಟಿ ಕಟ್ಟಿ ಎಲ್ಲ ಖಾಲಿ ಮಾಡೋದು ಬೇರೆ ಕಾರಣಕ್ಕೆ. ಹಂದಿಗೆ ಅಜೀರ್ಣ ಆಗಬಾರದು ಅಂತ.

ಇಬ್ಬರೂ ಹೀಗೆ ಖಾಲಿ ಮಾಡ್ತಿದ್ದೀವಿ, ಹಂದಿ ಮಾತ್ರ ದಪ್ಪ ದಪ್ಪ ಆಗ್ತಾನೇ ಇದೆ. ಇವತ್ತು ಅದರ ಕುರ್ಚಿ ಮುರೀತು.

ಜೂನ್ 27, ಗುರುವಾರ

ನಮ್ಮನೆಯವಳು ಊರುಗೋಲು ಹಿಡಿದು ಹತ್ತು ಹೆಜ್ಜೆ ಹಾಕಿದ್ಲು. ಮಂಗಳವಾರ ಮನೆಗೆ. ಅತ್ತೆ ಬ್ಯಾಗ್ ತುಂಬಿಸಿ ಬಾಗಿಲ ಹತ್ತಿರ ಇಟ್ಟಿದ್ದಾರೆ. ಹಂದಿ ಒಡೀದೇ ಇದ್ರೂ ಇಟ್ಟಿದ್ದಾರೆ. ಓಡಾಡುವಾಗಲೆಲ್ಲ ಕಾಲಿಗೆ ತಗುಲುತ್ತೆ. ಎರಡು ಸಲ ಅಲಮಾರಿ ಪಕ್ಕಕ್ಕೆ ಸರಿಸಿದೆ, ಎರಡು ಸಲವೂ ವಾಪಸ್ ಬಾಗಿಲಿಗೆ ಬಂದಿದೆ.

ಇವತ್ತು ಹೆಚ್ಚು ಮಾತಾಡೋಕೆ ಮನಸ್ಸಿಲ್ಲ.

ಜೂನ್ 30, ಭಾನುವಾರ

ಭಾವಮೈದ ಬಂದ. ಬ್ಯಾಂಕಿನವನು, ಬಂದ ಕೂಡಲೇ ಕೆಲಸ. ಮೊದಲು ಬ್ಯಾಗ್ ಎತ್ತಿ ಕಾರಿನ ಡಿಕ್ಕಿಗೆ ಹಾಕಿದ, ಆಮೇಲೆ ಒಳಗೆ ಬಂದು, "ಅಮ್ಮಾ, ಹೊರಡು" ಅಂದ.

ಅತ್ತೆ ಸೋಫಾದಿಂದ ಏಳಲಿಲ್ಲ. ಮುಂದೆ ಟೀಪಾಯಿ ಮೇಲೆ ಫೋನು, ತಲೆ ಕಿಟಕಿ ಕಡೆ. "ಒಡೆದಿಲ್ಲ" ಅಂದ್ರು.

"ಏನು ಒಡೆದಿಲ್ಲ?"

"ಹಂದಿ."

"ಅಮ್ಮಾ, ಅದೇ ಆಟ ನಿನ್ನ ಫೋನಿಗೂ ಹಾಕಿಕೊಡ್ತೀನಿ. ಅಲ್ಲಿ ಕೂತು ಎಷ್ಟು ಬೇಕೋ ಅಷ್ಟು ಆಡು."

"ಆ ಹಂದಿ ಬೇರೆ, ಈ ಹಂದಿ ಬೇರೆ. ನಾವು ಸಾಕಿದ್ದು ಇದನ್ನ."

"ನಾವಾ? ನಾವು ಅಂದ್ರೆ ಯಾರು?" ಅವನಿಗೆ ರೇಗಿತು. ನನ್ನ ಕಡೆ ತಿರುಗಿದ. "ಭಾವಾ, ನೀವಾದ್ರೂ ಹೇಳಿ."

ನಾನು ಗಡಿಯಾರದ ಕಡೆ ತಿರುಗಿ, "ದೊಡ್ಡವರು ಹಿಡಿದ ಕೆಲಸ ಬಿಡೋರಲ್ಲಪ್ಪಾ" ಅಂದೆ. ಅವನು ಗಡಿಯಾರ ನೋಡಿದ, ನನ್ನ ನೋಡಿದ. "ಭಾವಾ, ಯಾರ ಜೊತೆ ಮಾತಾಡ್ತಿದ್ದೀರಿ?"

ಅಷ್ಟರಲ್ಲಿ ಅತ್ತೆ ಎದ್ದು ಹೋಗಿ ಫ್ರಿಜ್ ಬಾಗಿಲು ತೆಗೆದು, "ಹೇಳಮ್ಮಾ ಇವನಿಗೆ, ಅವಸರ ಪಡಿಸಿದ್ರೆ ಹಂದಿಗೆ ಆಗಿಬರಲ್ಲ ಅಂತ" ಅಂದ್ರು. ಭಾವಮೈದ ನಿಂತಲ್ಲೇ ನಿಂತ. ಆಮೇಲೆ ಮೆಲ್ಲಗೆ, ಡಾಕ್ಟರು ರೋಗಿ ಹತ್ತಿರ ಮಾತಾಡೋ ಥರ, "ಒಡೆದ್ರೆ ಬರ್ತೀಯಲ್ಲ? ಸರಿ, ಒಡೀತೀನಿ" ಅಂತ ಫೋನ್ ಎತ್ಕೊಂಡು ಒಂದು ಸಲ ಒತ್ತಿದ.

ಒಂದೇ ಸಲ. ಅದೂ ಸಿಟ್ಟಿನಲ್ಲಿ. ಫೋನಿನ ತಲೆ ಕಿಟಕಿ ಕಡೆಗೂ ಇರಲಿಲ್ಲ.

ಮೊದಲು ಸದ್ದೇ ಇಲ್ಲ. ಹಂದಿ ಕಣ್ಣು ಅಗಲ ಮಾಡಿತು. ಆಮೇಲೆ ಢಮ್ಮಂತ ಶಬ್ದ, ತುತ್ತೂರಿ, ಗಂಟೆ, ನಾಣ್ಯ, ನಾಣ್ಯ, ನಾಣ್ಯ. ಮಹಾ ಜಾಕ್‌ಪಾಟ್! ಓದೋಕೂ ಆಗದಷ್ಟು ಸೊನ್ನೆ. ಇಡೀ ತಿಂಗಳು ಕಾದಿದ್ದು ಬಂತು, ಮನೇಲಿ ಒಬ್ಬರೂ ಕೂಗಲಿಲ್ಲ.

"ಆಯ್ತಲ್ಲ" ಅಂದ ಭಾವಮೈದ.

ಅತ್ತೆ ಫ್ರಿಜ್ ಬಾಗಿಲು ಮುಚ್ಚಿದ್ರು. ಬಂದು, ಕುರ್ಚಿ ಮೇಲಿದ್ದ ಕೋಟು ತಗೊಂಡ್ರು. ಒಂದು ತೋಳು ಹಾಕ್ಕೊಂಡ್ರು. ಇನ್ನೊಂದು ತೋಳು ಸಿಕ್ತಿಲ್ಲ, ಹುಡುಕ್ತಿದ್ದಾರೆ. ನಾನೇ ಒಗೆದು ಇಸ್ತ್ರಿ ಮಾಡಿದ ಕೋಟು ಅದು, ತೋಳು ಎಲ್ಲಿದೆ ಅಂತ ನನಗೆ ಗೊತ್ತು, ಆದ್ರೂ ಸುಮ್ಮನೆ ನಿಂತಿದ್ದೆ.

ಆಗ ಫೋನಿಂದ ಒಂದು ಸಣ್ಣ ಸದ್ದು. ಕುಂಯ್ ಅಂತ. ನೋಡಿದ್ರೆ ಹೊಗೆ ಎಲ್ಲ ಹೋಗಿ, ಮುರಿದ ಕುರ್ಚಿ ಮೇಲೆ ಹೊಸಾ ಮರಿ. ಅಂಗೈಯಷ್ಟೂ ಇಲ್ಲ. ದೊಡ್ಡ ಹಂದಿಯ ಟೋಪಿ ಅದರ ಕಣ್ಣು ಮುಚ್ಚಿ ಮೂತಿ ತನಕ ಬಂದಿದೆ. ಬಾಯಿ ತೆರ್ಕೊಂಡು ಕೂತಿದೆ.

ನಾನು, "ಅತ್ತೆ, ಇದಕ್ಕೆ ಯಾರು ಹಾಕ್ತಾರೆ?" ಅಂದೆ.

ಭಾವಮೈದ ಬಾಯಿ ಬಿಟ್ಕೊಂಡು ನನ್ನನ್ನೇ ನೋಡ್ತಾ ನಿಂತ. ಜಾಕ್‌ಪಾಟ್ ನೋಡಿ ದಂಗಾಗಿದ್ದ ಪಾಪ, ಮೊದಲ ಸಲ ಅಲ್ವಾ.

ಅತ್ತೆ ಮರಿಯನ್ನ ನೋಡಿದ್ರು. ಕೋಟಿನ ತೋಳಿಂದ ಕೈ ಎಳ್ಕೊಂಡ್ರು. ಮಗನಿಗೆ ಹೇಳಿದ್ರು, "ಇಷ್ಟು ಚಿಕ್ಕ ಮರೀನ ಬಿಟ್ಟು ಹೇಗೋ ಬರೋದು? ನೀನೇ ಹೇಳು."

ಅವನು ಟೀ ಕುಡಿದ, ನಮ್ಮಿಬ್ಬರನ್ನೂ ಒಂದೊಂದು ಸಲ ನೋಡಿದ, ಹೊರಟ. ರೂಮಿಗೆ ಹೊಡೆಸಿದ ಬಣ್ಣ ಇನ್ನೂ ವಾಸನೆ ಹೊಡೀತಿದೆ, ಹೇಗೂ ಪರವಾಗಿಲ್ಲ ಅಂದ. ಗಾಬರೀಲಿ ಬ್ಯಾಗ್ ಇಳಿಸೋದು ಮರೆತಿದ್ದಾನೆ. ಅತ್ತೆಗೆ ಹಾಕ್ಕೊಳ್ಳೋಕೆ ಬಟ್ಟೆ ಇಲ್ಲ. ಲಾಂಡ್ರೀಲಿ ಜಿಮ್ಮಿನವರು ಬೇಡ ಅಂತ ಬಿಟ್ಟಿದ್ದ, ಟವೆಲ್ ಬಟ್ಟೆಯ ಹಳದಿ ಗೌನ್ ತಂದುಕೊಟ್ಟೆ. ಹಾಕ್ಕೊಂಡು ಸೋಫಾ ಮೇಲೆ ಕೂತಿದ್ದಾರೆ, ಬಾಕ್ಸಿಂಗ್ ಮುಗಿಸಿ ಬಂದವರ ಹಾಗೆ.

ನನಗೆ ಬೇಜಾರಾಗಿದೆ ಅಂತ ಹೇಳ್ಕೊಳ್ಳೋಣ ಅಂತಲೇ ಚುಕ್ಕೆ ಒತ್ತಿದ್ದು. ಮನೆ ಖಾಲಿಯಾಗುತ್ತೆ ಅಂತ ತಿಂಗಳಿಂದ ಕಾದವನು ನಾನು. ಆದ್ರೆ ಈಗ ನೆನಪಾಗ್ತಿಲ್ಲ, ಹೊಟ್ಟೆ ಬೇರೆ ಹಸೀತಿದೆ.

ಜುಲೈ 2, ಮಂಗಳವಾರ

ಬಾಲ್ಕನೀಲಿ ಒಣಹಾಕಿದ ಹಾಸಿಗೆ ಹೊದಿಕೆ ಹಿಂದೆ ನಿಂತು ಮಾತಾಡ್ತಿದ್ದೀನಿ. ನಮ್ಮನೆಯವಳು ಬಂದ್ಲು. ಆಟೋದಿಂದ ಇಳಿದು, ಊರುಗೋಲು ಊರಿ, ಮೆಟ್ಟಿಲು ಹತ್ತಿ, ಸೋಫಾ ಮೇಲೆ ಕೂತು, ಉಸ್ಸಪ್ಪಾ ಅಂತ ಮೊದಲು ಕೇಳಿದ್ದೇ, "ಅಮ್ಮ ಯಾಕೆ ಹಳದಿ ಗೌನಲ್ಲಿದ್ದಾಳೆ?" ಹೇಳಿದೆ.

ಆಮೇಲೆ ಊಟಕ್ಕೆ ಕೂತಾಗ ಒಂದು ವಿಚಿತ್ರ ಆಯ್ತು. ಅವಳು ಹಳೇ ಅಭ್ಯಾಸದಲ್ಲಿ, "ಅಮ್ಮಾ, ಉಪ್ಪು ಕೊಡಬೇಕಂತೆ ಅವರಿಗೆ" ಅಂದ್ಲು. ನೋಡಿದ್ರೆ ಉಪ್ಪು ಆಗಲೇ ನನ್ನ ತಟ್ಟೆ ಪಕ್ಕ ಇತ್ತು. "ರೀ, ಅಮ್ಮನಿಗೆ ನೀರು ಬೇಕಂತೆ" ಅಂದ್ಲು. ನೀರೂ ಹೋಗಿತ್ತು. ಅವಳು ಊರುಗೋಲು ಹಿಡ್ಕೊಂಡು ಇಬ್ಬರನ್ನೂ ನೋಡಿದ್ಲು. "ನೀವಿಬ್ರೂ ಮಾತಾಡೋಕೆ ಶುರು ಮಾಡಿದ್ರಾ?" ಅಂತ ಕೇಳಿದ್ಲು.

ಇಲ್ಲವಲ್ಲ ಅಂದೆ. ಅತ್ತೆನೂ ಇಲ್ಲ ಅಂತ ತಲೆಯಾಡಿಸಿದ್ರು. ಸುಳ್ಳು ಯಾಕೆ ಹೇಳಲಿ? ಏನೋ ಮರಿ ವಿಷಯಕ್ಕೆ ನಾಲ್ಕು ಮಾತು, ಅಷ್ಟೇ. ಅದನ್ನ ಮಾತು ಅಂತಾರಾ? ಜಗಳ ಯಾಕೆ ಆಗಿತ್ತು ಅಂತ ಒಂದು ದಿನ ಕೇಳಿಬಿಡಬೇಕು ಅಂತಿದೆ. ಕೇಳದೇ ಇದ್ರೂ ನಡೆಯುತ್ತೆ. ಆ ವೈರ್ ಕಿತ್ತು ಎಷ್ಟೋ ವರ್ಷವಾಗಿದೆ, ಈಗ ಯಾವ ತೂತಿಗೆ ಅಂತ ಹುಡುಕೋದು...

ಅವಳು ಇನ್ನೊಂದು ಕೇಳಿದ್ಲು, ಫೋನಿಗೆ ಏನೇನು ಹೇಳ್ಕೊಂಡ್ರಿ, ಹಾಕಿ, ಕೇಳ್ತೀನಿ ಅಂತ. ಏನಿದೆ ಕೇಳೋಕೆ, ಟವೆಲ್ಲು, ಸೋಪು, ಒಂದು ಹಂದಿ. ಏನೂ ನಡೀಲಿಲ್ಲ ಈ ತಿಂಗಳು. ಅಳಿಸಿಬಿಡೋಣ ಅಂತಲೇ ಇಲ್ಲಿಗೆ ಬಂದೆ, ಆಮೇಲೆ ನೋಡಿದ್ರೆ ಮತ್ತೆ ಚುಕ್ಕೆ ಒತ್ತಿ ಮಾತಾಡ್ತಾ ನಿಂತಿದ್ದೀನಿ, ನನ್ನ ಬಾಯಿಗೆ ಬೀಗ ಹಾಕೋರು ಯಾರೂ...

"ಅಳಿಯಂದ್ರೇ! ಅಳಿಯಂದ್ರೇ, ಫೋನ್ ತಗೊಂಡು ಎಲ್ಲಿ ಹೋಗಿ ಕೂತ್ರಿ? ಮರಿ ಹಸ್ಕೊಂಡು ಆಗಿಂದ ಅರಚ್ತಿರುತ್ತೆ!"

ಬಂದೇ ಅತ್ತೆ, ಬಂದೆ! ನೀವು ಬೆರಳಿಗೆ ಹಾ ಅಂತಿರಿ, ಇಗೋ ತಂದೆ... ಇಡ್ತೀನಪ್ಪಾ, ಕರೀತಿದ್ದಾರೆ.